ವರದಿಗಾರನ ಕೈಗೆ ಪ್ರಮಾಣಶಾಸ್ತ್ರ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯಿಂದ ಪತ್ರಿಕಾವೃತ್ತಿಗೆ ಬರಬಯಸುವ ತರುಣರು ಏನನ್ನು ಓದತಕ್ಕದ್ದೆಂದು ಕೇಳಿದರೆ, ತತ್ತ್ವಶಾಸ್ತ್ರವನ್ನೆಂದು ನಿಸ್ಸಂಕೋಚವಾಗಿ ಹೇಳುವೆನು. ಈ ಎರಡರ ನಂಟು ಹೊಸದಲ್ಲ: 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ ಪತ್ರಿಕೆಯನ್ನು ಹೊರಡಿಸಿದ ರಂಗನಾಥ ದಿವಾಕರರು ಉಪನಿಷತ್ತುಗಳನ್ನೂ ವಚನಗಳನ್ನೂ ಕುರಿತು ಗ್ರಂಥ ರಚಿಸಿದವರು, ಪತ್ರಕರ್ತರಾದ ಡಿ.ವಿ.ಜಿ.ಯವರು ಗೀತೆಯ ತಾತ್ಪರ್ಯವನ್ನು ವಿವರಿಸಿದವರು.

ಮೊದಲು ಎಂ. ಹಿರಿಯಣ್ಣನವರ 1932ರ ಭಾರತೀಯ ದರ್ಶನಗ್ರಂಥದಲ್ಲಿ ನ್ಯಾಯದರ್ಶನದ ಭಾಗವನ್ನು ಓದಿಕೊಳ್ಳಿರಿ. ಅಲ್ಲಿ ಬರುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳಲ್ಲಿ, ಎಂದರೆ ಅರಿವಿನ ಸಾಧನಗಳಲ್ಲಿ, ಹೋಲಿಕೆಯಾದ ಉಪಮಾನವನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮ ವರದಿಯ ಪ್ರತಿಯೊಂದು ವಾಕ್ಯದ ಅಂಚಿನಲ್ಲಿ, ಕಂಡದ್ದಾದರೆ ‘ಪ್ರ’, ಊಹಿಸಿದ್ದಾದರೆ ‘ಅ’, ಕೇಳಿದ್ದಾದರೆ ‘ಶ’ ಎಂದು ಗುರುತು ಹಾಕುತ್ತ ಬನ್ನಿರಿ.

ಎರಡನೆಯದಾಗಿ, ‘ಅ’ ಇರುವ ವಾಕ್ಯಗಳ ಹೇತುವನ್ನು, ಎಂದರೆ ಊಹೆಗೆ ಆಧಾರವಾದ ಕಾರಣವನ್ನು, ಶೋಧಿಸಿರಿ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳಿಬರಲಿಲ್ಲವೆಂದು ‘ಕಸುಬು ನಿಂತಿತು’ ಎಂದು ಬರೆದುಬಿಡುವುದು ಸುಲಭ. ಒಳಗೆ ಹೋಗಿ ನೋಡಿದರೆ, ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಜೋಡಿಸುತ್ತ ಮನೆಯವರು ಕುಳಿತಿರಬಹುದು. ಸದ್ದಿಲ್ಲದಿರುವುದನ್ನು ಕಸುಬು ನಿಂತುದಕ್ಕೆ ಹೇತುವೆಂದು ಹಿಡಿಯುವಂಥ ಹುಸಿ ಹೇತುವನ್ನೇ ನೈಯಾಯಿಕರು ಹೇತ್ವಾಭಾಸವೆಂದರು.

ಮೂರನೆಯದು ಶಬ್ದ, ಎಂದರೆ ಆಪ್ತನ ಮಾತು. ಇದೇ ನಮ್ಮ ವೃತ್ತಿಯ ಜೀವ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ವಾತ್ಸ್ಯಾಯನನು ತನ್ನ ನ್ಯಾಯಭಾಷ್ಯದಲ್ಲಿ ಹೇಳಿರುವುದನ್ನು ಓದಿದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ. ಮಲಪ್ರಭಾ ನದಿಯ ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಡಲಾಯಿತೆಂಬುದಕ್ಕೆ ಅಭಿಯಂತರನು ಆಪ್ತನು. ಆ ನೀರು ಕಾಲುವೆಯ ಕೊನೆಯ ಹೊಲವನ್ನು ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಅಲ್ಲಿ ಗುದ್ದಲಿ ಹಿಡಿದು ನಿಂತ ರೈತನೇ ಆಪ್ತನು. ನೀರು ಕಾಣದ ಹೊಲಕ್ಕೂ ಕರ ಬಿದ್ದಿತೆಂಬ ಮಲಪ್ರಭಾ ರೈತರ ದೂರು, 1980ರ ಜುಲೈ 21ರಂದು ನರಗುಂದದಲ್ಲಿ ಗೋಲೀಬಾರಿನವರೆಗೆ ಹೋದುದನ್ನು ನೆನೆದರೆ, ಯಾರ ಮಾತು ಯಾವುದಕ್ಕೆ ಪ್ರಮಾಣವೆಂಬ ವಿಚಾರವು ಬರಿಯ ಪಂಡಿತರ ವಾದವಲ್ಲವೆಂಬುದು ಮನದಟ್ಟಾಗುವುದು.

ಆಮೇಲೆ ಪೂರ್ವಪಕ್ಷ: ನೀವು ಒಪ್ಪದವನ ವಾದವನ್ನು, ಅವನೇ ಓದಿ ‘ಅಹುದು, ನನ್ನ ಮಾತು ಇದೇ’ ಎನ್ನುವಂತೆ ಬರೆಯಿರಿ, ಮಹದಾಯಿ ನದಿನೀರಿನಂಥ ವಿವಾದದಲ್ಲಿ ಇದು ಕಷ್ಟಸಾಧ್ಯವಾದರೂ ಬಿಡತಕ್ಕದ್ದಲ್ಲ.

ಕಡೆಗೆ, ವರದಿಯನ್ನು ಕಳುಹಿಸುವ ಮುನ್ನ ಅಂಚಿನ ಗುರುತುಗಳನ್ನು ಮತ್ತೊಮ್ಮೆ ನೋಡಿರಿ. ಯಾವ ಅಕ್ಷರವೂ ಸಲ್ಲದ ವಾಕ್ಯವೊಂದು ಉಳಿದಿದ್ದರೆ ಅದನ್ನು ಹೊಡೆದುಹಾಕಿರಿ, ಇಲ್ಲವೇ ಮರುದಿನ ಮೊದಲ ಬಸ್ಸಿಗೆ ಆ ಊರಿಗೆ ಮತ್ತೆ ಹೋಗಿಬನ್ನಿರಿ.