ಸಿನಿಮಾ ನೋಡಿ ಅತ್ತರೆ ನಾಚಿಕೆ ಯಾಕಮ್ಮಾ?

ಪ್ರಶ್ನೆ: ಮೇಡಂ, ನನಗೆ 69 ವರ್ಷ. ಮನೆಯವರು ತೀರಿಕೊಂಡು ಎರಡು ವರ್ಷವಾಯಿತು. ಮಗ-ಸೊಸೆಯ ಜೊತೆ ಇದ್ದೇನೆ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ತಿಂಗಳಿಗೆ ಎರಡು ಶನಿವಾರ ವಯಸ್ಸಾದವರಿಗೆಂದೇ ಉಚಿತವಾಗಿ ಸಿನಿಮಾ ತೋರಿಸುತ್ತಾರೆ. ಮುಗಿದ ಮೇಲೆ ಸಿನಿಮಾ ಮಾಡುವವರು ಯಾರಾದರೂ ಬಂದು ಮಾತಾಡುತ್ತಾರೆ, ನಮ್ಮನ್ನೂ ಮಾತಾಡಿಸುತ್ತಾರೆ. ಪಕ್ಕದ ಮನೆಯಾಕೆ ಬಿಡದೆ ಕರೆದದ್ದಕ್ಕೆ ಹೋದೆ. ಅವತ್ತು ‘ತಬರನ ಕಥೆ’. ನಮ್ಮ ಮನೆಯವರೂ ಪುರಸಭೆಯಲ್ಲಿದ್ದವರು. ಹಸಿರು ಬಟ್ಟೆಯ ಕೈಚೀಲದಲ್ಲಿ ಕಾಗದಪತ್ರ ತುಂಬಿಕೊಂಡು ಪಿಂಚಣಿಗಾಗಿ ಮೂರು ವರ್ಷ ಅಲೆದಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಮೈಕು ನನ್ನ ಹತ್ತಿರ ಬಂದಾಗ ಬಾಯಿಂದ ಮಾತೇ ಹೊರಡಲಿಲ್ಲ, ಎದ್ದು ಬಂದುಬಿಟ್ಟೆ. “ಅಳೋದಕ್ಕೆ ಅಲ್ಲಿಗ್ಯಾಕಮ್ಮ ಹೋಗಬೇಕು, ಮನೇಲೇ ಟಿವಿ ಇದೆಯಲ್ಲ” ಅನ್ನುತ್ತಾನೆ ಮಗ. ನಾನು ಓದಿದ್ದು ಏಳನೇ ಕ್ಲಾಸು. ಕಿವಿಯೂ ಸ್ವಲ್ಪ ಮಂದ. ಮತ್ತೆ ಹೋಗಲೋ, ಬೇಡವೋ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಅಮ್ಮಾ, ಹೋಗಿ. ಮುಂದಿನ ಶನಿವಾರವೇ ಹೋಗಿ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಹಸಿರು ಚೀಲದ ಹತ್ತಿರ ನಿಂತೆ. ತೇಜಸ್ವಿಯವರ ಕಥೆಯನ್ನು ನಿಮ್ಮ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರು 1986ರಲ್ಲಿ ಸಿನಿಮಾ ಮಾಡಿದರು. ಅದಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ತಬರನಾಗಿದ್ದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಒಂದು ಕಡೆ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ, ಇನ್ನೊಂದು ಕಡೆ ತಬರ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾನೆ. ಆ ಅಲೆದಾಟ ಎಂಥದ್ದೆಂದು ಆ ಭವನದಲ್ಲಿ ಕೂತವರಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರು ಎಷ್ಟು ಜನ ಇದ್ದಾರು? ಸಂಜೆ ಚೀಲ ಮೊಳೆಗೆ ನೇತುಹಾಕಿ “ನಾಳೆ ಬರಕ್ಕೆ ಹೇಳಿದ್ದಾರೆ” ಎಂದವರಿಗೆ ಕಾಫಿ ಮಾಡಿ ಕೊಟ್ಟವರು ನೀವು. ಹಾಗಿರುವಾಗ ಕಣ್ಣೀರು ಬರದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಮಗ ಹೇಳುವ ಟಿವಿಯ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯ ಟಿವಿಯ ಮುಂದೆ ಅತ್ತರೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಎದ್ದು ಹೋಗುತ್ತೀರಿ, ಅಷ್ಟೆ. ಅಲ್ಲಿ ಹಾಗಲ್ಲ. ದೀಪ ಆರಿರುತ್ತದೆ, ಎಲ್ಲರ ಮುಖವೂ ಪರದೆಯ ಕಡೆಗಿರುತ್ತದೆ, ಯಾರೂ ನಿಮ್ಮನ್ನು ನೋಡುವುದಿಲ್ಲ. ಆದರೂ ಪಕ್ಕದಲ್ಲಿ ಜನ ಇರುತ್ತಾರೆ. ಸಾವಿನ ಮನೆಗೆ ಬಂದವರು ಏನೂ ಮಾತಾಡದೆ ಸ್ವಲ್ಪ ಹೊತ್ತು ಕೂತು ಹೋಗುತ್ತಾರಲ್ಲ, ಆ ಕೂರುವಿಕೆಯ ಬೆಲೆ ನಿಮಗೆ ಗೊತ್ತಿದೆ. ಹದಿಮೂರು ದಿನ ಕಳೆದ ಮೇಲೆ ಹಾಗೆ ಬಂದು ಕೂರುವವರು ಯಾರೂ ಇರುವುದಿಲ್ಲ.

ಇನ್ನು ಏಳನೇ ಕ್ಲಾಸಿನ ವಿಚಾರ. ಸಾಗರದ ಹತ್ತಿರದ ಹೆಗ್ಗೋಡು ನಿಮಗೆ ದೂರವಲ್ಲ. ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಶುರುಮಾಡಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ‘ಪಥೇರ್ ಪಾಂಚಾಲಿ’ಯನ್ನೂ ‘ಬೈಸಿಕಲ್ ಥೀವ್ಸ್’ ಅನ್ನೂ ತೋರಿಸಿ, ಕೂತು ಚರ್ಚಿಸಿದರು. ಭಾಷೆ ಬಂಗಾಳಿ, ಇಟಾಲಿಯನ್. ಹೊಟ್ಟೆಪಾಡಿನ ಸೈಕಲ್ಲು ಕಳೆದುಕೊಂಡವನ ಸಂಕಟ ತಿಳಿಯುವುದಕ್ಕೆ ಡಿಗ್ರಿ ಬೇಕಾಗಲಿಲ್ಲ. ‘ಪಥೇರ್ ಪಾಂಚಾಲಿ’ಯ ಆ ಬೆನ್ನು ಬಾಗಿದ ಅಜ್ಜಿ ಇದ್ದಾರಲ್ಲ, ಚುನಿಬಾಲಾ ದೇವಿ, ಎಂಬತ್ತರ ಆಸುಪಾಸಿನಲ್ಲಿ ಕ್ಯಾಮೆರಾ ಮುಂದೆ ನಿಂತವರು. ನಿಮ್ಮಲ್ಲಿ ಆ ಸಿನಿಮಾ ಬಂದರೆ ಅವರಿಗಾಗಿಯಾದರೂ ನೋಡಿ.

ಮೈಕು ಹತ್ತಿರ ಬಂದರೆ ಮಾತಾಡಲೇಬೇಕೆಂದೇನಿಲ್ಲ. ಕೈಯಾಡಿಸಿ ಮುಂದಕ್ಕೆ ಕಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಮಾತಾಡುವ ಮನಸ್ಸಾದರೆ ದೊಡ್ಡ ಪದ ಹುಡುಕಬೇಡಿ. “ನಮ್ಮ ಮನೆಯವರ ಚೀಲ ಹಸಿರು ಬಣ್ಣದ್ದು, ಒಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಅರ್ಜಿ” ಎಂದಷ್ಟೇ ಹೇಳಿ. ಸಿನಿಮಾ ಮಾಡುವವರಿಗೆ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ. ಇಂಥ ಮಾತು ಸಿಗುವುದು ಅಪರೂಪ. ನಾನೇ ಅವರಾಗಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದೆ.

ಕಿವಿಯನ್ನು ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಮುಂದೂಡಬೇಡಿ. ಕನ್ನಡ ಚಿತ್ರಕ್ಕೂ ಕೆಳಗೆ ಕನ್ನಡ ಅಕ್ಷರ ಸಿಗುವುದಾದರೆ ಹಾಕಿ ಎಂದು ಏರ್ಪಾಡು ಮಾಡುವವರನ್ನು ಕೇಳಿ. ಕೇಳಲು ನಾಚುವವರು ನಿಮ್ಮ ಹಾಗೆ ಇನ್ನೂ ಹತ್ತು ಜನ ಇದ್ದಾರು. ಸಾಲಿನ ತುದಿಯ ಕುರ್ಚಿ ಹಿಡಿದರೆ ನಡುವೆ ಎದ್ದು ಹೋಗಿ ಬರುವುದಕ್ಕೂ ಅನುಕೂಲ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಅವತ್ತಿನ ಅಳು ಅವತ್ತಿಗೆ ಮುಗಿದರೆ ಸರಿ. ದಿನವೂ ಅಳು ಬರುತ್ತಿದ್ದರೆ, ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಹತ್ತದೆ ಇದ್ದರೆ, ಅದಕ್ಕೆ ಸಿನಿಮಾ ಮದ್ದಲ್ಲ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಪುಟವನ್ನು ನಿಮ್ಮ ಮಗನ ಕೈಗೆ ಕೊಡಿ. ಅಪ್ಪಾ, ನೀನು ಅಮ್ಮ ಅಳಬಾರದೆಂದು ಹೇಳಿದ್ದು ಪ್ರೀತಿಯಿಂದಲೇ, ನನಗೆ ಗೊತ್ತು. ಆದರೆ ಆ ಚೀಲ ಹೊತ್ತು ಅಲೆದದ್ದು ನಿನ್ನ ತಂದೆ. ಮುಂದಿನ ಶನಿವಾರ ನೀನೇ ಅಮ್ಮನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗು. ಬಾಗಿಲಲ್ಲಿ ಇಳಿಸಿ ವಾಪಸು ಬರಬೇಡ, ಒಂದು ಸಲವಾದರೂ ಪಕ್ಕದಲ್ಲಿ ಕೂತು ನೋಡು.