ಕಾಂಗ್ರೆಸ್ ಗಿಡದ ಬುಡದಲ್ಲಿ ಬಿಳಿ ಬೂಜು ಕಂಡರೆ

ಶೇಂಗಾಕ್ಕೆ ಬುಡಕೊಳೆ ಬಂದಾಗ ಬೀಜವನ್ನು ದೂರುತ್ತೇವೆ, ಮಳೆಯನ್ನು ದೂರುತ್ತೇವೆ. ಬದುವಿನ ಮೇಲೆ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡದ ಬುಡವನ್ನು ಬಗ್ಗಿ ನೋಡುವವರು ಕಡಿಮೆ. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಕೆಂಪು ಮಣ್ಣಿನ ಬೆಳೆಗಾರರಂತೂ ನೋಡಲೇಬೇಕು. ಶೇಂಗಾ ಗಿಡವನ್ನು ಒಣಗಿಸುವ ಸ್ಕ್ಲೆರೋಷಿಯಂ ರೋಲ್ಫ್‌ಸಿ ಶಿಲೀಂಧ್ರವೇ ಕಾಂಗ್ರೆಸ್ ಗಿಡಕ್ಕೂ ತಗಲುತ್ತದೆ.

ಹಾಗೆಂದು ಈ ಕಳೆಗೆ ಬರುವ ಎಲ್ಲ ರೋಗಕ್ಕೂ ಹೆದರಬೇಕಿಲ್ಲ. ಎತ್ತರದ, ತಂಪು ಜಾಗಗಳಲ್ಲಿ ಅದರ ಎಲೆಗೆ ತುಕ್ಕು ರೋಗ ಬರುತ್ತದೆ. ಆ ತುಕ್ಕು ಕಾಂಗ್ರೆಸ್ ಗಿಡವನ್ನೇ ನೆಚ್ಚಿದ್ದು. ಶೇಂಗಾದ ತುಕ್ಕು ಬೇರೆ, ಸೂರ್ಯಕಾಂತಿಯ ತುಕ್ಕು ಬೇರೆ. ಆಸ್ಟ್ರೇಲಿಯಾದವರು ಇದೇ ತುಕ್ಕನ್ನು ಮೆಕ್ಸಿಕೊದಿಂದ ತರಿಸಿ, ಕಳೆ ಹತೋಟಿಗೆಂದು 1991ರಲ್ಲಿ ಬಿಡುಗಡೆ ಮಾಡಿದರು. ಅಂಥ ತುಕ್ಕು ಕಂಡರೆ ಸುಮ್ಮನೆ ಬಿಡಿ.

ಸ್ಕ್ಲೆರೋಷಿಯಂ ಹಾಗಲ್ಲ. ಅದು 500ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ತಗಲುತ್ತದೆ. ಶೇಂಗಾ, ಟೊಮೆಟೊ, ಮೆಣಸಿನಕಾಯಿ, ವೀಳ್ಯದೆಲೆ ಬಳ್ಳಿ ಎಲ್ಲವೂ ಅದರ ಪಾಲಿಗೆ ಆಹಾರವೇ. ನಮ್ಮ ಪಶ್ಚಿಮ ಘಟ್ಟದಲ್ಲೇ ಹುಟ್ಟಿದ ಕಾಳುಮೆಣಸು ಕೂಡ ಸಸಿಮಡಿಯಲ್ಲಿ ಇದಕ್ಕೆ ಸಿಕ್ಕಿ ಸಾಯುತ್ತದೆ. ಹೊರಗಿನಿಂದ ಬಂದ ಕಳೆಗೂ ನೆಲದ ಬೆಳೆಗೂ ಅದು ಭೇದ ಮಾಡುವುದಿಲ್ಲ. ಹೊಲದಲ್ಲಿ ಬೆಳೆ ಇಲ್ಲದ ದಿನಗಳಲ್ಲಿ ಕಳೆಯ ಮೇಲೆ ಬದುಕಿಕೊಂಡು, ಬಿತ್ತನೆಯಾದ ಮೇಲೆ ಬೆಳೆಗೆ ಬರುತ್ತದೆ.

ಗುರುತಿಸುವುದು ಕಷ್ಟವಲ್ಲ. ಗಿಡ ಒಂದೆರಡು ಕೊಂಬೆಯಿಂದ ಶುರುವಾಗಿ ಬಾಡುತ್ತದೆ. ಕಾಂಡ ನೆಲ ಮುಟ್ಟುವ ಜಾಗದಲ್ಲಿ ಹತ್ತಿಯಂಥ ಬಿಳಿ ಬೂಜು ಹರಡಿರುತ್ತದೆ. ಅದರ ಮೇಲೆ ಮೊದಲು ಬಿಳಿಯಾಗಿ, ಆಮೇಲೆ ಕಂದಾಗುವ ಸಾಸಿವೆ ಗಾತ್ರದ ಗುಂಡು ಕಾಳುಗಳು ಮೂಡುತ್ತವೆ. ಇವೇ ರೋಗದ ಬೀಜ. ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.

ನಾವೇ ರೋಗಕ್ಕೆ ದಾರಿ ಮಾಡಿಕೊಡುವ ಒಂದು ರೂಢಿ ಇದೆ. ಕಿತ್ತ ಕಳೆಯನ್ನು ಸಾಲಿನಲ್ಲೇ, ಶೇಂಗಾ ಬುಡದಲ್ಲೇ ಬಿಟ್ಟು ಹೋಗುತ್ತೇವೆ. ಈ ಶಿಲೀಂಧ್ರ ಸತ್ತ, ಅರೆಕೊಳೆತ ಕಸದ ಮೇಲೆ ಮೊದಲು ಬಲಿತು, ಆಮೇಲೆ ಪಕ್ಕದ ಹಸಿ ಕಾಂಡಕ್ಕೆ ಏರುತ್ತದೆ. ಆದ್ದರಿಂದ ಕಿತ್ತ ಕಳೆಯನ್ನು ಹೊಲದಿಂದ ಹೊರಗೆ ಸಾಗಿಸಿ. ಎಡೆ ಹೊಡೆಯುವಾಗ ಗಿಡದ ಬುಡಕ್ಕೆ ಮಣ್ಣು ಗುಡ್ಡೆಯಾಗದಂತೆ ನೋಡಿಕೊಳ್ಳಿ. ಹೂ ಬಿಡುವ ಮೊದಲೇ ಕಿತ್ತ ಕಾಂಗ್ರೆಸ್ ಗಿಡ ಕಾಂಪೋಸ್ಟಿಗೆ ಒಳ್ಳೆಯದೇ. ಆದರೆ ಬುಡದಲ್ಲಿ ಬೂಜು, ಕಾಳು ಕಂಡ ಗಿಡವನ್ನು ಗುಂಡಿಗೆ ಹಾಕಬೇಡಿ, ಹೊದಿಕೆಗೂ ಬಳಸಬೇಡಿ. ಬುಡದ ಮಣ್ಣಿನ ಸಮೇತ ಅಗೆದು, ಹೊಲದಾಚೆ ಒಯ್ದು ಸುಟ್ಟುಬಿಡಿ.

ಮಾಗಿ ಉಳುಮೆ ಆಳವಾಗಿರಲಿ. ಗಾಳಿ ಸಿಗದಷ್ಟು ಆಳಕ್ಕೆ ಹೋದ ಕಾಳುಗಳು ಮೊಳೆಯುವುದು ಕಷ್ಟ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾದ 1 ಕಿಲೊ ಪುಡಿಯನ್ನು 100 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಹೊದಿಸಿ ಒಂದು ವಾರ ಇಡಿ. ಬಿತ್ತನೆಗೆ ಮುಂಚೆ ಇದನ್ನು ಒಂದು ಎಕರೆಗೆ ಹಾಕಿ. ಬಿತ್ತುವ ಬೀಜಕ್ಕೂ ಕಿಲೊಗೆ 10 ಗ್ರಾಂ ಟ್ರೈಕೋಡರ್ಮಾ ಲೇಪಿಸಿ; ಇದರ ಜೊತೆಗೆ ಶಿಲೀಂಧ್ರನಾಶಕ ಬೆರೆಸಬೇಡಿ. ರೋಗ ಹೆಚ್ಚಿರುವ ಹೊಲದಲ್ಲಿ ಎರಡು ಮೂರು ವರ್ಷ ಜೋಳ, ಸಜ್ಜೆ, ಮುಸುಕಿನ ಜೋಳ ಬೆಳೆಯಿರಿ. ರಾಗಿಗೂ ಈ ಬುಡಕೊಳೆ ಬರುವುದರಿಂದ ಪರ್ಯಾಯ ಬೆಳೆಯಾಗಿ ಅದನ್ನು ನೆಚ್ಚಬೇಡಿ.

ಈ ಕಾಳುಗಳು ಒಮ್ಮೆ ಮಣ್ಣು ಸೇರಿದರೆ ಪೂರ್ತಿ ತೆಗೆಯುವ ಔಷಧಿ ಇಲ್ಲ. ಹಾಗಾಗಿ ಮುಂಗಾರು ಬಿತ್ತನೆಗೆ ಮೊದಲು ಒಮ್ಮೆ ಬದು ಸುತ್ತಿ, ಬಾಡಿದ ಪ್ರತಿ ಕಳೆಯ ಬುಡ ಬಿಡಿಸಿ ನೋಡಿ. ಅಕ್ಕಪಕ್ಕದ ಹೊಲದವರನ್ನೂ ಜೊತೆಗೆ ಕರೆದುಕೊಳ್ಳಿ.