ವರ್ಷದ ಪಾಸು: ಎಷ್ಟು ಭೇಟಿಗೆ ಲಾಭ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ವಿನೋದವನಕ್ಕೆ ದಿನದ ಟಿಕೆಟೂ ಉಂಟು, ವರ್ಷದ ಪಾಸೂ ಉಂಟು. ಮಕ್ಕಳೊಂದಿಗರಾದ ಸಂಸಾರಕ್ಕೆ ಯಾವುದು ಮಿತವ್ಯಯ?

ಲೆಕ್ಕದ ಅನುಕೂಲಕ್ಕಾಗಿ ಒಬ್ಬರ ಪಾಸಿಗೆ 600 ಡಾಲರು, ದಿನದ ಟಿಕೆಟಿಗೆ 150 ಡಾಲರು ಎಂದು ಭಾವಿಸೋಣ. ಪಾಸು ಪಡೆದು ಒಮ್ಮೆ ಮಾತ್ರ ಹೋದರೆ ಆ ಭೇಟಿಯ ಬೆಲೆ 600. ಎರಡು ಸಲ ಹೋದರೆ ತಲಾ 300. ನಾಲ್ಕು ಸಲವಾದರೆ 150. ಈ ಬಿಂದುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅವು ಅತಿಪರವಲಯದ ಮೇಲೆ ಬೀಳುವುದನ್ನು ಕಾಣುತ್ತೇವೆ. ನಾಲ್ಕನೆಯ ಭೇಟಿಗೆ ಸರಿಸಮ, ಐದನೆಯದರಿಂದ ಲಾಭ.

ಆದರೆ ಇಲ್ಲೊಂದು ತಪ್ಪು ಅಡಗಿದೆ. ನಾವು ಹೋಲಿಸಬೇಕಾದುದು ಒಂದು ದಿನದ ಟಿಕೆಟಿನೊಡನೆ ಅಲ್ಲ, ದೊರೆಯುವ ಅತ್ಯಂತ ಅಗ್ಗದ ಟಿಕೆಟಿನೊಡನೆ. ಹಲವು ದಿನಗಳ ಟಿಕೆಟನ್ನು ಒಟ್ಟಿಗೆ ಕೊಂಡರೆ ದಿನದ ವೆಚ್ಚ ಇಳಿಯುತ್ತದೆ. ಅದು 120 ಡಾಲರಿಗೆ ಇಳಿದರೆ ಸರಿಸಮದ ಸಂಖ್ಯೆ ಐದಕ್ಕೇರುತ್ತದೆ.

ಮನೆಯವರೆಲ್ಲರಿಗೂ ಒಂದೇ ಲೆಕ್ಕ ಸಲ್ಲದು. ಮೂರು ವರ್ಷ ತುಂಬದ ಮಗುವಿಗೆ ಅಲ್ಲಿ ಟಿಕೆಟೇ ಬೇಡ. ಶಾಲೆಗೆ ಹೋಗುವ ಮಕ್ಕಳ ತೊಡಕು ಬೇರೆ: ಅಗ್ಗದ ಪಾಸುಗಳು ಜನಜಂಗುಳಿಯ ಅನೇಕ ದಿನಗಳಲ್ಲಿ ಸಲ್ಲುವುದಿಲ್ಲ, ಶಾಲೆಗೆ ಬಿಡುವಿರುವುದು ಬಹುಮಟ್ಟಿಗೆ ಆ ದಿನಗಳಲ್ಲಿಯೇ! ಆದಕಾರಣ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಪಾಸು ಸಲ್ಲುವ ದಿನಗಳು, ಶಾಲೆಯ ಬಿಡುವು, ತಂದೆತಾಯಿಯರ ರಜೆ, ಈ ಮೂರು ಗಣಗಳ ಛೇದನವನ್ನು ಎಣಿಸಬೇಕು. ಆ ಎಣಿಕೆ ಐದನ್ನು ಮೀರದಿದ್ದರೆ ಟಿಕೆಟನ್ನೇ ಕೊಳ್ಳುವುದು ಲೇಸು.